ಪರದೇಶೀ ನೆರವಿನ ಯೋಜನೆಗಳೂ ಪತ್ರಕರ್ತರ ಪ್ರವಾಸವೂ

ಪರದೇಶದ ಹಣದಿಂದ ನಡೆಯುವ ಯೋಜನೆಗಳ ತಿಳಿವಳಿಕೆಯನ್ನು ಜನರಿಗೆ ಮುಟ್ಟಿಸುವ ಸಾಧನಗಳಲ್ಲಿ ಪತ್ರಕರ್ತರ ಪ್ರವಾಸವೂ ಒಂದು. ಸರಕಾರವಾಗಲಿ, ನೆರವು ಕೊಟ್ಟ ಸಂಸ್ಥೆಯಾಗಲಿ ವರದಿಗಾರರಿಗೆ ಗಾಡಿ, ಊಟ, ವಸತಿಗಳ ಏರ್ಪಾಡು ಮಾಡಿ ಕಾಮಗಾರಿಯ ಸ್ಥಳಕ್ಕೆ ಕರೆದೊಯ್ಯುವದು. ಅಧಿಕಾರಿಗಳು ವಿವರಣೆ ಕೊಡುವರು. ಎರಡು ಮೂರು ದಿನಗಳಲ್ಲಿ ಪತ್ರಿಕೆಗಳಲ್ಲಿ ವರದಿ ಬರುವದು. ಕೇಂದ್ರ ಸರಕಾರದ ಪತ್ರಿಕಾ ಮಾಹಿತಿ ಕಾರ್ಯಾಲಯವೂ ನಮ್ಮ ರಾಜ್ಯದ ವಾರ್ತಾ ಇಲಾಖೆಯೂ ಇಂಥ ಪ್ರವಾಸಗಳನ್ನು ನಡೆಸುತ್ತ ಬಂದಿವೆ. ಇದು ಬರಿಯ ಡಂಗುರ, ಇದರಿಂದ ಜನರಿಗೇನು ಲಾಭ ಎಂದು ನನ್ನ ಕೆಲವು ಸಹಪಾಠಿಗಳು ಕೇಳುತ್ತಾರೆ. ಲಾಭವುಂಟೆಂದೇ ನನ್ನ ಅಭಿಪ್ರಾಯ. ಆದರೆ ಪ್ರವಾಸದ ದಾರಿಯನ್ನು ಯಾರು ಗೊತ್ತುಮಾಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ಕೊಟ್ಟವರ ಹೆಸರು ತಿಳಿಯುವದು ಬೇರೆ, ಸಂಗತಿ ತಿಳಿಯುವದು ಬೇರೆ. ನಮ್ಮ ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ 1960ರ ದಶಕದಲ್ಲಿ ರೇಷನ್ ಅಂಗಡಿಗೆ ಬರುತ್ತಿದ್ದ ಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರವಿತ್ತೆಂದು ಇಂದಿಗೂ ಹೇಳುತ್ತಾಳೆ. “ಅಮೇರಿಕಾದವರು ಧರ್ಮಕ್ಕ ಕೊಟ್ಟಿದ್ರು ತಮ್ಮಾ, ಆ ಕೆಂಪ ಜ್ವಾಳದ ರೊಟ್ಟಿ ಗಂಟಲದಾಗ ಇಳೀತಿರಲಿಲ್ಲ” ಎಂಬುದು ಆಕೆಯ ಮಾತು. ಈ ‘ಧರ್ಮಕ್ಕ’ ಎಂಬುದು ಪೂರ್ತಿ ನಿಜವಲ್ಲ. ಕೇರ್ ಸಂಸ್ಥೆಯ ಮೂಲಕ ಶಾಲೆಯ ಮಕ್ಕಳಿಗೆ ಬಂದ ಹಾಲಿನ ಪುಡಿಯೂ ಉಪ್ಪಿಟ್ಟಿನ ರವೆಯೂ ದಾನವಾಗಿದ್ದವು. ಆದರೆ ಅಮೆರಿಕದ 1954ರ ಪಿ.ಎಲ್. 480 ಕಾನೂನಿನ ಮೇರೆಗೆ, 1956ರ ಒಪ್ಪಂದದ ನಂತರ ಬಂದ ಧಾನ್ಯದ ಬಹುಭಾಗವನ್ನು ಭಾರತ ಸರಕಾರ ರೂಪಾಯಿ ತೆತ್ತು ಕೊಂಡಿತ್ತು. ಆ ರೂಪಾಯಿಗಳು ಅಮೆರಿಕದ ಲೆಕ್ಕದಲ್ಲಿ ನಮ್ಮ ದೇಶದಲ್ಲಿಯೇ ಕೂಡಿಬಿದ್ದಿದ್ದವು. 1974ರಲ್ಲಿ ಅಮೆರಿಕದ ರಾಯಭಾರಿ ಡ್ಯಾನಿಯಲ್ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತಕ್ಕೆ ಒಪ್ಪಿಸಿದ್ದು ಈ ಗಂಟಿನಿಂದಲೇ. ಅಂಗಡಿಯಲ್ಲಿ ದುಡ್ಡು ಎಣಿಸಿಯೇ ಜೋಳ ತಂದ ಮನೆಯವಳು ಅದನ್ನು ಅರವತ್ತು ವರ್ಷ ಭಿಕ್ಷೆಯೆಂದು ತಿಳಿದಳು! ಚೀಲದ ಮೇಲಿನ ಮುದ್ರೆಯಿಂದ ಆಗುವ ತಿಳಿವಳಿಕೆ ಇಷ್ಟೇ. (ಅಂದ ಹಾಗೆ, ಅಮೆರಿಕದ ನೆರವನ್ನು ಹಂಚುತ್ತಿದ್ದ ಯು.ಎಸ್.ಏಡ್ ಸಂಸ್ಥೆ 1961ರಲ್ಲಿ ಹುಟ್ಟಿ 2025ರ ಜುಲೈಯಲ್ಲಿ ಮುಚ್ಚಿಹೋಯಿತು.)

ಇನ್ನು ನಮ್ಮ ಭಾಗದ ನೀರಿನ ವಿಷಯಕ್ಕೆ ಬರೋಣ. ವಿಶ್ವ ಬ್ಯಾಂಕಿನ ನೆರವಿನ ‘ಜಲ ನಿರ್ಮಲ’ ಯೋಜನೆ 2001ರ ಕೊನೆಯಲ್ಲಿ ಮಂಜೂರಾಯಿತು. ಬೆಳಗಾವಿಯನ್ನು ಒಳಗೊಂಡು ಉತ್ತರ ಕರ್ನಾಟಕದ 11 ಜಿಲ್ಲೆಗಳು ಅದರಲ್ಲಿದ್ದವು. ನೆರವೆಂದರೂ ಅದು ಸಾಲವೇ. ಬಡ್ಡಿಯ ಭಾರ ಕಡಿಮೆ, ತೀರಿಸುವ ಅವಧಿ ದೀರ್ಘ, ಅಷ್ಟೇ. ಈ ಯೋಜನೆಯಲ್ಲಿ ಗ್ರಾಮಸ್ಥರು ವೆಚ್ಚದ ಒಂದು ಪಾಲನ್ನು ತಾವೇ ಕೊಡಬೇಕಿತ್ತು. ಊರಿನಲ್ಲಿ ನೀರು ಮತ್ತು ನೈರ್ಮಲ್ಯ ಸಮಿತಿ ಆಗಬೇಕು, ಕೆಲಸ ಮುಗಿದ ಮೇಲೆ ಕರ ವಸೂಲು ಮಾಡಿ ಪಂಪು ನಡೆಸಬೇಕು. “ವರ್ಲ್ಡ್ ಬ್ಯಾಂಕಿನವರು ಕೊಟ್ಟಾರ, ನಾವ್ಯಾಕ ಪಟ್ಟಿ ಕೊಡೂಣು?” ಎಂದು ಕಟ್ಟೆಯ ಮೇಲೆ ಕುಳಿತವನೊಬ್ಬ ಕೇಳಿದರೆ ಉತ್ತರ ಕೊಡಬಲ್ಲವರು ಊರಲ್ಲಿರಬೇಕು. ಇಂಥ ಕಡೆ ತಿಳಿವಳಿಕೆಯೆಂಬುದು ಪೈಪಿನಷ್ಟೇ ಅವಶ್ಯವಾದ ಸಾಮಗ್ರಿ. ಉದ್ಘಾಟನೆಯ ಫೋಟೋದಿಂದ ಅದು ಸಿಕ್ಕುವದಿಲ್ಲ.

ಪ್ರವಾಸದ ದಾರಿಯ ಮಾತು ಇಲ್ಲಿಯೇ ಬರುವದು. ನಮ್ಮ ಐದು ತಾಲೂಕುಗಳ ನಕಾಶೆಯನ್ನು ನೋಡಿರಿ. ನಿಪ್ಪಾಣಿ, ಚಿಕ್ಕೋಡಿಗಳ ಕಡೆ ವೇದಗಂಗೆ, ದೂಧಗಂಗೆಗಳು ಹರಿದಿವೆ. ಕಾಗವಾಡ, ರಾಯಬಾಗ, ಅಥಣಿಗಳ ಅಂಚಿನಲ್ಲಿ ಕೃಷ್ಣೆಯೇ ಇದ್ದಾಳೆ. 2005, 2019 ಮತ್ತು 2021ರಲ್ಲಿ ಹೊಳೆದಂಡೆಯ ಜನ ಮನೆ ಬಿಟ್ಟು ಓಡಬೇಕಾಯಿತು. ಅದೇ ಅಥಣಿ ತಾಲೂಕಿನ ಪೂರ್ವಭಾಗದ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಉಗಾರದ ಕಬ್ಬಿನ ಹಸುರಿನಲ್ಲಿ ನಿಂತ ವರದಿಗಾರನಿಗೆ ನೀರಿನ ಕೊರತೆಯೆಂಬುದು ಕಟ್ಟುಕಥೆಯಾಗಿ ತೋರಬಹುದು. ಆಗಸ್ಟಿನಲ್ಲಿ ಕರೆತಂದರಂತೂ ಎಲ್ಲ ನಳಗಳಲ್ಲಿಯೂ ನೀರು!

ಬೆಳಗಾವಿ ನಗರದ ಉದಾಹರಣೆ ಇನ್ನೂ ಸ್ಪಷ್ಟ. 2004ರಲ್ಲಿ ಮಂಜೂರಾದ ವಿಶ್ವ ಬ್ಯಾಂಕಿನ ಸಾಲದಿಂದ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರ್ಗಿಗಳ ಕೆಲವು ವಾರ್ಡುಗಳಿಗೆ, ಅಂದರೆ ಸುಮಾರು ಹತ್ತರಲ್ಲೊಂದು ಪಾಲು ಜನರಿಗೆ, 2008ರ ಹೊತ್ತಿಗೆ ದಿನದ 24 ತಾಸೂ ನೀರು ಬಂದಿತು. ನೋಡಲು ಬೇರೆ ಊರುಗಳಿಂದ ತಂಡಗಳು ಬಂದವು. ಅವರು ಕಂಡದ್ದು ಸುಳ್ಳಲ್ಲ. ಆದರೆ ಪಕ್ಕದ ವಾರ್ಡಿನಲ್ಲಿ ಹಲವು ದಿನಗಳಿಗೊಮ್ಮೆ ಮಾತ್ರ ನೀರು ಬಿಡುತ್ತಿದ್ದರು. ನೀರನ್ನು ಖಾಸಗಿ ಕಂಪನಿಗೆ ಒಪ್ಪಿಸುವದನ್ನು ವಿರೋಧಿಸಿದ ನಾಗರಿಕರೂ ಇದ್ದರು. ಆ ವಾರ್ಡನ್ನೂ ಆ ನಾಗರಿಕರನ್ನೂ ಕಾಣದೆ ಮರಳಿದ ವರದಿಗಾರನ ಬರಹ ಸತ್ಯವಾಗಿದ್ದೂ ಅಪೂರ್ಣ. ಕೃಷ್ಣೆಯ ಕೆಳಗಿನ ದಂಡೆಯಲ್ಲಿಯೂ ಹೀಗೆಯೇ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವ ಬ್ಯಾಂಕು 1978ರಲ್ಲಿಯೂ 1989ರಲ್ಲಿಯೂ ಹಣ ಕೊಟ್ಟಿತು. ಮುಳುಗಡೆಯಾದವರ ಪುನರ್ವಸತಿ ಸರಿಯಾಗಲಿಲ್ಲವೆಂದು 1990ರ ದಶಕದಲ್ಲಿ ತಾನೇ ಹಣವನ್ನು ತಡೆಹಿಡಿಯಿತು. ಆಲಮಟ್ಟಿಯ ಕಟ್ಟೆಯ ಮೇಲೆ ನಿಂತರೆ ಈ ಸಂಗತಿ ಕಾಣುವದಿಲ್ಲ. ಬಾಗಲಕೋಟೆಯ ಕಡೆಯ ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತು ತಾನಾಗಿಯೇ ಹೊಳೆಯುವದು. ನಿಪ್ಪಾಣಿಯ ಚಹದಂಗಡಿಯಲ್ಲಿ ಕೊಲ್ಹಾಪುರದ ‘ಪುಢಾರಿ’ಯನ್ನೂ ಬೆಳಗಾವಿಯ ‘ತರುಣ ಭಾರತ’ವನ್ನೂ ಓದುವವರು ಬಹಳ. ಬೆಂಗಳೂರಿನಿಂದ ಕನ್ನಡ, ಇಂಗ್ಲಿಷ್ ಪತ್ರಿಕೆಗಳವರನ್ನಷ್ಟೇ ಕರೆತಂದರೆ ನೀರಿನ ಕರ ಕಟ್ಟಬೇಕಾದವರಲ್ಲಿ ಎಷ್ಟೋ ಮಂದಿಗೆ ಸುದ್ದಿಯೇ ಮುಟ್ಟದು. ಭಾಷೆಯ ಜಗಳ ಎಷ್ಟೇ ಇರಲಿ, ನಳದ ಲೆಕ್ಕ ಎರಡೂ ಭಾಷೆಗಳಲ್ಲಿ ಬರಬೇಕು. ಊರೂರಿನ ಅರೆಕಾಲಿಕ ಬಾತ್ಮೀದಾರರನ್ನೂ ಗಾಡಿಯಲ್ಲಿ ಕೂಡ್ರಿಸಿಕೊಳ್ಳಬೇಕು; ಹೊರಗಿನವರು ಮರುದಿನ ಹೋಗಿಬಿಡುವರು, ಪಂಪು ಸುಟ್ಟ ದಿನ ಊರಲ್ಲಿ ಇರುವವನು ಅವನೇ.

ಖರ್ಚಿನ ವಿಷಯವನ್ನೂ ಮರೆಮಾಚಬಾರದು. ಅತಿಥೇಯರ ಹಣದಿಂದ ಹೋಗಿಬಂದ ವರದಿಗಾರ ಆ ಮಾತನ್ನು ವರದಿಯ ಕೆಳಗೆ ಒಂದು ಸಾಲಿನಲ್ಲಿ ಹೇಳಿದರೆ ಓದುವವನು ತಾನೇ ತೂಗಿ ನೋಡುವನು.

ಜಲ ನಿರ್ಮಲ ಯೋಜನೆ ಮುಗಿದು ಹತ್ತು ವರ್ಷಗಳ ಮೇಲಾಯಿತು. 2019ರಿಂದ ಕೇಂದ್ರ, ರಾಜ್ಯಗಳ ಜಲ ಜೀವನ ಮಿಷನ್ನಿನ ಹೊಸ ಪೈಪುಗಳು ಬರುತ್ತಿವೆ. ಹೊಸದನ್ನು ನೋಡಲು ಎಲ್ಲರೂ ಕರೆಯುವರು, ಹಳೆಯ ಟಾಕಿಯನ್ನು ನೋಡಲು ಯಾರೂ ಕರೆಯರು. ಆ ಪ್ರವಾಸವನ್ನೇ ಮೊದಲು ಏರ್ಪಡಿಸಬೇಕೆಂದು ನನ್ನ ಸೂಚನೆ. ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಮೇಲೆ ಅಥಣಿಯ ಪೂರ್ವದ ಹಳ್ಳಿಗಳವರೆಗೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಎರಡು ದಿನ. ಪ್ರತಿ ತಾಲೂಕಿನಲ್ಲಿ ಅಧಿಕಾರಿಗಳು ಒಂದು ಊರನ್ನು ಆರಿಸಲಿ, ವರದಿಗಾರರು ಒಂದನ್ನು ಆರಿಸಲಿ. ವಾಟರ್‌ಮನ್‌ನಿಗೆ ಪಗಾರ ಯಾವ ತಿಂಗಳಿನವರೆಗೆ ಬಂದಿದೆ, ಸಮಿತಿಯ ಕೊನೆಯ ಸಭೆ ಯಾವಾಗ ಆಯಿತು, ಪೈಪಿನ ಕಟ್ಟಕಡೆಯ ಮನೆಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕು ಎಂದು ಕೇಳಲಿ. ಕಡೆಯ ಪ್ರಶ್ನೆಯನ್ನು ಮಾತ್ರ ಅಧಿಕಾರಿಗಳಿಗೆ ಕೇಳದೆ, ಕೊಡ ಹಿಡಿದು ನಿಂತ ಅಕ್ಕನಿಗೆ ಕೇಳಬೇಕು.