ಆ ತಾಯಿಯ ತಪ್ಪು ಇದರಲ್ಲಿಲ್ಲ

ಪ್ರಶ್ನೆ: ನಮ್ಮದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಮೊಮ್ಮಗನಿಗೆ ನಾಲ್ಕು ವರ್ಷ. ಹೆಸರು ಹಿಡಿದು ಕರೆದರೆ ಹೊರಳಿ ನೋಡುವುದಿಲ್ಲ, ಮಾತು ಬಂದಿಲ್ಲ. ಟ್ರ್ಯಾಕ್ಟರಿನ ಒಂದು ನಟ್ಟನ್ನು ಹಗಲೂ ರಾತ್ರಿ ಮುಷ್ಟಿಯಲ್ಲಿ ಹಿಡಿದೇ ಇರುತ್ತಾನೆ. ಕಸಿದುಕೊಂಡರೆ ನೆಲಕ್ಕೆ ಬಿದ್ದು ಒದ್ದಾಡುತ್ತಾನೆ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಆಟಿಸಂ ಎಂದರು. ಓದಿಕೊಂಡ ನೆಂಟರೊಬ್ಬರು, ತಾಯಿಯ ಪ್ರೀತಿ ಸಿಗದ ಮಗು ಹೀಗೆ ತನ್ನೊಳಗೇ ಮುದುಡಿಕೊಳ್ಳುತ್ತದೆ ಎಂದು ಫ್ರಾಯ್ಡ್ ಪಂಥದವರು ಬರೆದಿದ್ದಾರೆ ಎಂದರು. ಓಣಿಯ ಹೆಣ್ಣುಮಕ್ಕಳು ಅದನ್ನೇ ಹಿಡಿದುಕೊಂಡು, ‘ಎದಿಹಾಲು ಬಿಡಿಸಿ ಹತ್ತಿ ಬಿಡಿಸಾಕ ಹೋದ್ಲು, ಅದಕ್ಕ ಕೂಸು ಹಿಂಗಾತು’ ಅನ್ನುತ್ತಾರೆ. ಸೊಸೆ ಊಟ ಬಿಟ್ಟು ಕೂತಿದ್ದಾಳೆ. ಆ ಮಾತು ನಿಜವೇ?
— ಒಬ್ಬ ಅಜ್ಜ, ನವಲಗುಂದ ತಾಲ್ಲೂಕು

ಉತ್ತರ: ನಿಜವಲ್ಲ, ಹಿರಿಯರೇ. ಮುಂದಿನದನ್ನೆಲ್ಲ ಆಮೇಲೆ ಓದಿ. ಮೊದಲು ಸೊಸೆಯನ್ನು ಕರೆದು ಕೂಡಿಸಿಕೊಂಡು ಇಷ್ಟು ಹೇಳಿ: ಹಾಲು ಬಿಡಿಸಿದ್ದರಿಂದ, ಹೊಲಕ್ಕೆ ಹೋದದ್ದರಿಂದ, ಪ್ರೀತಿ ಕಡಿಮೆಯಾದದ್ದರಿಂದ ಯಾವ ಮಗುವಿಗೂ ಆಟಿಸಂ ಬರುವುದಿಲ್ಲ. ಅದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಅದರ ಬೇರು ಬಹುಮಟ್ಟಿಗೆ ಮಗು ಹೊಟ್ಟೆಯಲ್ಲಿದ್ದಾಗಲೇ ಇಳಿದಿರುತ್ತದೆ.

ನಿಮ್ಮ ನೆಂಟರು ಸುಳ್ಳು ಹೇಳಿಲ್ಲ. ಹಾಗೆ ಬರೆದವರು ಇದ್ದರು, ದೊಡ್ಡ ಹೆಸರಿನವರೇ ಇದ್ದರು. ಮುಂದೆ ಆ ವಾದಕ್ಕೆ ಏನಾಯಿತು ಎಂಬ ಭಾಗವನ್ನು ನೆಂಟರು ಓದಿದಂತಿಲ್ಲ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಎಂದು ನಾವು ಇಂದು ಕರೆಯುವುದರ ಮೊದಲ ವಿವರವಾದ ಚಿತ್ರಗಳಲ್ಲಿ ಅದೊಂದು. ಈ ಮಕ್ಕಳು ಹುಟ್ಟಿನಿಂದಲೇ ಹೀಗಿರುತ್ತಾರೆ ಎಂದು ಕ್ಯಾನರ್ ಅದರಲ್ಲೇ ಹೇಳಿದ್ದರು. ಜೊತೆಗೆ, ಇವರ ತಂದೆತಾಯಂದಿರಲ್ಲಿ ನಿಜವಾದ ಅಕ್ಕರೆಯುಳ್ಳವರು ಕಡಿಮೆ ಎಂದೂ ಸೇರಿಸಿದರು. ಬೆಳೆದದ್ದು ಈ ಎರಡನೆಯ ಮಾತು. ಮಕ್ಕಳು ಫ್ರಿಜ್ಜಿನಲ್ಲಿಟ್ಟ ಹಾಗೆ ಬೆಳೆದವರು ಎಂದು 1949ರಲ್ಲಿ ಅವರೇ ಬರೆದರು. ‘ಫ್ರಿಜ್ ತಾಯಂದಿರು’ ಎಂಬ ಕ್ರೂರವಾದ ಹೆಸರು ಹುಟ್ಟಿದ್ದು ಅಲ್ಲಿಂದ. ಆ ಕಾಲಕ್ಕೆ ಅಮೆರಿಕದ ಮನೋವೈದ್ಯರಲ್ಲಿ ಫ್ರಾಯ್ಡ್ ಹುಟ್ಟುಹಾಕಿದ ಮನೋವಿಶ್ಲೇಷಣೆಯ ವಿಚಾರದ್ದೇ ನಡೆ. ಮಗುವಿಗೆ ಏನೇ ಆದರೂ ಕಾರಣವನ್ನು ತಾಯಿಯ ಮಡಿಲಲ್ಲಿ ಹುಡುಕುವುದು ರೂಢಿಯಾಗಿತ್ತು.

ಅದನ್ನು ತುದಿಗೆ ಒಯ್ದವರು ಬ್ರೂನೋ ಬೆಟಲ್‌ಹೈಮ್. ಷಿಕಾಗೋದಲ್ಲಿ ಮಕ್ಕಳ ವಸತಿಶಾಲೆಯೊಂದನ್ನು ನಡೆಸುತ್ತಿದ್ದರು. ಅದಕ್ಕೂ ಮೊದಲು ನಾಜಿಗಳ ಡಾಖಾವ್, ಬೂಖನ್‌ವಾಲ್ಡ್ ಶಿಬಿರಗಳಲ್ಲಿ ಕೈದಿಯಾಗಿ ನರಳಿದವರು. ಅಲ್ಲಿ ಕೈದಿಗಳು ಆಸೆ ಬಿಟ್ಟು ಮೌನವಾಗುವುದನ್ನು ಕಂಡಿದ್ದ ಅವರು, ಆಟಿಸಂ ಇರುವ ಮಗುವೂ ತಾನು ಬದುಕುವುದು ತಾಯಿಗೆ ಬೇಡವಾಗಿದೆ ಎಂದು ತಿಳಿದು ಒಳಗೆ ಸರಿದುಕೊಳ್ಳುತ್ತದೆ ಎಂದು 1967ರ ಪುಸ್ತಕದಲ್ಲಿ ಬರೆದರು. ಅವರ ಮದ್ದು ಮಗುವನ್ನು ಹೆತ್ತವರಿಂದ ದೂರ ಇಡುವುದು. ತಾನು ಉಂಡ ಸಂಕಟದ ಅಳತೆಗೋಲಿನಿಂದ ಬೇರೆ ಮನೆಗಳ ತಾಯಂದಿರನ್ನು ಅಳೆದರಲ್ಲ ಎಂಬ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ.

ವಾದ ಬಿದ್ದದ್ದು ಹೆತ್ತವರ ಕಡೆಯಿಂದಲೇ. ಆಟಿಸಂ ಇರುವ ಮಗನ ತಂದೆ, ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು, ತಾಯಿ ಕಾರಣ ಎನ್ನುವುದಕ್ಕೆ ಪುರಾವೆಯೇ ಇಲ್ಲ ಎಂದು ತೋರಿಸಿದರು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಕ್ಯಾನರ್. 1969ರಲ್ಲಿ ಹೆತ್ತವರ ಸಭೆಯಲ್ಲಿ ನಿಂತು, ನಿಮ್ಮ ಮೇಲೆ ಯಾವ ದೋಷವೂ ಇಲ್ಲ ಎಂದವರೂ ಅವರೇ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಪ್ರತಿ ಜೋಡಿಯಲ್ಲೂ ಒಂದು ಮಗುವಿಗಾದರೂ ಆಟಿಸಂ ಇತ್ತು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4ರಲ್ಲಿ ಎರಡೂ ಮಕ್ಕಳಿಗೆ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಯಾವ ಜೋಡಿಯನ್ನು ತೆಗೆದುಕೊಂಡರೂ ಇಬ್ಬರನ್ನು ಬೆಳೆಸಿದವಳು ಒಬ್ಬಳೇ ತಾಯಿ. ಅವಳ ಪ್ರೀತಿಯ ಕೊರತೆಯೇ ಕಾರಣವಾಗಿದ್ದರೆ ಎರಡೂ ಗುಂಪಿನಲ್ಲಿ ಲೆಕ್ಕ ಒಂದೇ ಬರಬೇಕಿತ್ತು.

ಅಷ್ಟು ದೂರ ಹೋಗುವುದೂ ಬೇಡ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಸೀಮೆಯಲ್ಲಿ ಹತ್ತಿ ಬಿಡಿಸುವಾಗ, ಕಡ್ಲಿ ಕೀಳುವಾಗ, ಮೆಣಸಿನಕಾಯಿ ಹರಿಯುವಾಗ ಮನೆಯಲ್ಲಿ ಉಳಿಯುವ ತಾಯಿ ಯಾರಿದ್ದಾರೆ? ಕೂಸನ್ನು ಅತ್ತೆಯ ಕೈಗೆ ಕೊಟ್ಟೋ, ಬದುವಿನ ಮೇಲಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿಯೋ ದುಡಿದವರು ನಿಮ್ಮ ತಾಯಿ, ನಿಮ್ಮ ಅಜ್ಜಿ. ಅದರಿಂದ ಹೀಗಾಗುವುದಿದ್ದರೆ ಓಣಿಗೆ ಹತ್ತು ಮಕ್ಕಳು ಮಾತಿಲ್ಲದೆ ಇರಬೇಕಿತ್ತು. ಈಗ ಇದೇ ಆರೋಪ ‘ತಾಯಿ ಮೊಬೈಲ್ ಕೊಟ್ಟು ಕೆಡಿಸಿದಳು’ ಎಂಬ ಹೊಸ ರೂಪದಲ್ಲಿ ಓಡಾಡುತ್ತಿದೆ. ಮೊಬೈಲ್ ಕಡಿಮೆ ಮಾಡಿ, ಒಳ್ಳೆಯದೇ. ಆದರೆ ಅದನ್ನೂ ಅವಳ ತಲೆಗೆ ಕಟ್ಟಬೇಡಿ.

ಹಾಗಾದರೆ ಮನೋವಿಶ್ಲೇಷಣೆಯಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲವೇ? ಸ್ವಲ್ಪ ಇದೆ. ಲಂಡನ್ನಿನ ಮನೋವಿಶ್ಲೇಷಕಿ ಮೆಲನಿ ಕ್ಲೈನ್ 1930ರಲ್ಲಿ ನಾಲ್ಕು ವರ್ಷದ ಡಿಕ್ ಎಂಬ ಹುಡುಗನ ಬಗ್ಗೆ ಬರೆದರು. ಆಗ ಆಟಿಸಂ ಎಂಬ ರೋಗನಿರ್ಣಯ ಇರಲಿಲ್ಲ. ಇಂದು ಓದುವ ಹಲವರಿಗೆ ಅವನಲ್ಲಿ ಕಾಣುವುದು ಅದೇ. ಯಾರತ್ತಲೂ ನೋಡದೆ ಸುಮ್ಮನೆ ಓಡಾಡುತ್ತಿದ್ದ ಅವನ ಮುಂದೆ ಕ್ಲೈನ್ ಎರಡು ಆಟಿಕೆ ರೈಲು ಇಟ್ಟು, ದೊಡ್ಡದು ಅಪ್ಪ, ಸಣ್ಣದು ಡಿಕ್ ಎಂದರು. ಹುಡುಗ ಸಣ್ಣ ರೈಲನ್ನು ಕಿಟಕಿಯವರೆಗೆ ಉರುಳಿಸಿ ‘ಸ್ಟೇಷನ್’ ಎಂದ. ಕ್ಲೈನ್ ತಕ್ಷಣ, ಸ್ಟೇಷನ್ ಎಂದರೆ ಅಮ್ಮ, ಡಿಕ್ ಅಮ್ಮನೊಳಗೆ ಹೋಗುತ್ತಿದ್ದಾನೆ ಎಂದು ಅರ್ಥ ಹೇಳಿದರು. ಆ ಅರ್ಥಕ್ಕೆ ಆಧಾರವಿಲ್ಲ, ನಾನು ಒಪ್ಪುವುದಿಲ್ಲ. ಆದರೆ ಬುದ್ಧಿ ಕಡಿಮೆ ಎಂದು ಇಂಥ ಮಕ್ಕಳನ್ನು ಮೂಲೆಗೆ ತಳ್ಳುತ್ತಿದ್ದ ಕಾಲದಲ್ಲಿ, ಮಗು ಮಾಡುವುದಕ್ಕೆ ಅದರದೇ ಕಾರಣ ಇರುತ್ತದೆಂದು ನಂಬಿ ಅದರ ಆಟಕ್ಕೆ ಜೊತೆಯಾದದ್ದು ದೊಡ್ಡದು.

ನಿಮ್ಮ ಮೊಮ್ಮಗನ ನಟ್ಟಿನ ಬಗ್ಗೆಯೂ ಇದೇ ಪಂಥದವರೊಬ್ಬರು ಬರೆದಿದ್ದಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಟಸ್ಟಿನ್, ಈ ಮಕ್ಕಳು ಆಟಿಕೆ ಕಾರು, ಬೀಗದ ಕೈಯಂಥ ಗಟ್ಟಿ ವಸ್ತುಗಳನ್ನು ಬಿಗಿಯಾಗಿ ಹಿಡಿಯುವುದನ್ನು ಗಮನಿಸಿದರು. ಆಟಕ್ಕೆಂದು ಅಲ್ಲ, ಅಂಗೈಗೆ ಒತ್ತುವ ಗಟ್ಟಿತನಕ್ಕಾಗಿ. ಅದು ಕೈಯಲ್ಲಿದ್ದರೆ ಮಗುವಿಗೆ ಧೈರ್ಯ. ಸ್ಪರ್ಶ, ಶಬ್ದ, ಬೆಳಕು ಈ ಮಕ್ಕಳಿಗೆ ಬೇರೆ ತೀವ್ರತೆಯಲ್ಲಿ ತಟ್ಟುತ್ತವೆ ಎಂದು ಇಂದಿನ ತಜ್ಞರೂ ಹೇಳುತ್ತಾರೆ. ಹಾಗಾಗಿ ನಟ್ಟನ್ನು ಕಸಿಯಬೇಡಿ. ನುಂಗುವಷ್ಟು ಸಣ್ಣದಿದ್ದರೆ ಮಾತ್ರ, ಅಷ್ಟೇ ಗಟ್ಟಿಯಾದ ದೊಡ್ಡ ವಸ್ತುವೊಂದನ್ನು ಮೊದಲು ಕೈಗೆ ಕೊಟ್ಟು, ಆಮೇಲೆ ಮೆಲ್ಲಗೆ ಬದಲಿಸಿ. ಎಲ್ಲ ಶಿಶುಗಳೂ ಮೊದಲು ಆಟಿಸಂನಂಥ ಸ್ಥಿತಿಯಲ್ಲೇ ಇರುತ್ತವೆ ಎಂದು ಟಸ್ಟಿನ್ ಬಹುಕಾಲ ನಂಬಿದ್ದರು. ಅದು ತಪ್ಪೆಂದು, ಆ ತಪ್ಪು ಹೇಗೆ ಮುಂದುವರಿಯಿತೆಂದು 1994ರಲ್ಲಿ, ತೀರಿಕೊಂಡ ವರ್ಷವೇ ಪ್ರಕಟವಾದ ಲೇಖನದಲ್ಲಿ ತಾವೇ ಬರೆದರು. ನಿಮ್ಮ ನೆಂಟರಿಗೆ ಇದನ್ನು ಅವಶ್ಯ ತಿಳಿಸಿ.

ಈಗ ಮಾಡಬೇಕಾದದ್ದು. ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಕಲಿಸಿದವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಹೆತ್ತವರು ಮಗುವಿನೊಡನೆ ಆಡುವುದನ್ನು ವಿಡಿಯೋ ಮಾಡಿ, ಅದನ್ನು ಅವರಿಗೇ ತೋರಿಸಿ, ಮಗು ಎಲ್ಲಿ ಕಣ್ಣು ಹಾಯಿಸಿತು, ಎಲ್ಲಿ ಕೈ ಚಾಚಿತು, ಆಗ ನೀವು ಏನು ಮಾಡಿದಿರಿ ಎಂದು ಕೂತು ಮಾತಾಡಿದರು. ಹೆತ್ತವರು ಮಗುವಿನ ಜಾಡು ಹಿಡಿಯುವುದು ಹೆಚ್ಚಿತು, ಮಕ್ಕಳು ತಾವಾಗಿಯೇ ಹೆತ್ತವರತ್ತ ಬರುವುದೂ ಹೆಚ್ಚಿತು. ಅಂದರೆ ಚಿಕಿತ್ಸೆಯ ಅರ್ಧ ಕೆಲಸ ಮನೆಯಲ್ಲೇ, ಬಹಳ ಸಲ ತಾಯಿಯ ಕೈಯಲ್ಲೇ. ಊಟ ಬಿಟ್ಟು ಕೂತ ತಾಯಿಯಿಂದ ಅದು ಹೇಗಾದೀತು?

ಕಿವಿ ಪರೀಕ್ಷೆ ಆಗಿಲ್ಲವಾದರೆ ಮೊದಲು ಅದನ್ನು ಮಾಡಿಸಿ. ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಹಿಂದಿನವರು ಅದನ್ನು ಹುಚ್ಚರ ಆಸ್ಪತ್ರೆ ಎನ್ನುತ್ತಿದ್ದರೆಂದು ಹಿಂಜರಿಯಬೇಡಿ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಡಾಕ್ಟರಿಗೂ ಹುಡುಗನನ್ನು ತೋರಿಸಿ, ಅವರು ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿದರೆ ಸರ್ಕಾರದ ಸವಲತ್ತು ಕೇಳಲು ದಾರಿಯಾಗುತ್ತದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ಖರ್ಚಿಗೆ ಅವಕಾಶವಿದೆ. ಹೋಗುವಾಗ ಸೊಸೆಯೊಬ್ಬಳನ್ನೇ ಕಳಿಸಬೇಡಿ, ಮಗನೂ ಹೋಗಲಿ. ಹುಡುಗ ಯಾವಾಗ ಕೂತ, ಯಾವಾಗ ನಡೆದ, ಯಾವ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆ, ಏನು ಉಣ್ಣುತ್ತಾನೆ ಎಂದು ಅಲ್ಲಿ ತಾಸುಗಟ್ಟಲೆ ಕೇಳುತ್ತಾರೆ. ಇಬ್ಬರೂ ಕೂಡಿ ಮನೆಯಲ್ಲೇ ಬರೆದಿಟ್ಟುಕೊಂಡು ಹೋದರೆ ಒಳ್ಳೆಯದು.