ಎರಡು ಸೂಜಿಯ ಮರ ಕಲಿಸಿದ ಲೆಕ್ಕ

ಊರಿಂದ ಬಂದ ನೆಂಟರನ್ನು ಅಮೆರಿಕದ ನ್ಯೂ ಮೆಕ್ಸಿಕೋದ ಸಾಂಟಾ ಫೆ ಸುತ್ತಲಿನ ಗುಡ್ಡಗಳಿಗೆ ಕರೆದೊಯ್ದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: “ಕಾಡು ಎಲ್ಲಿದೆ?” ನಾವು ನಿಂತಿರುವುದೇ ಕಾಡಿನೊಳಗೆ. ಗುಂಡುಗುಂಡಗಿನ ಗಿಡ್ಡ ಮರಗಳು ಒಂದಕ್ಕೊಂದು ತಾಗದೆ, ನಡುವೆ ಬರಿ ಮಣ್ಣು ಬಿಟ್ಟುಕೊಂಡು ಕಣ್ಣು ಹಾಯುವಷ್ಟು ದೂರ ಹಬ್ಬಿರುತ್ತವೆ. ಇಲ್ಲಿ ಕರಗಿದ ಹಿಮವನ್ನೂ ಸೇರಿಸಿ ವರ್ಷಕ್ಕೆ ಬೀಳುವುದು ಸುಮಾರು 350 ಮಿ.ಮೀ. ಮಳೆ. ಆಗುಂಬೆಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಅಷ್ಟು ಸುರಿದುಹೋಗುತ್ತದೆ. ಮಲೆನಾಡಿನಲ್ಲಿ ಬೆಳೆದ ನನಗೆ ಗಿಡಮರ ಓದುವುದನ್ನು ಕಲಿಸಿದ್ದು ಮಾತ್ರ ಮಳೆಯಿಲ್ಲದ ಈ ನಾಡಿನ ಪಿನ್ಯೋನ್ ಪೈನ್. ಅದರಿಂದ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮರದ ಮೈಮೇಲೆ ಕೊರತೆಯಂತೆ ಕಾಣುವ ಪ್ರತಿಯೊಂದರ ಹಿಂದೆಯೂ ಒಂದು ಲೆಕ್ಕವಿರುತ್ತದೆ.

ಸಸ್ಯಶಾಸ್ತ್ರದಲ್ಲಿ ಇದು ಪೈನಸ್ ಎಡುಲಿಸ್. 1846ರಲ್ಲಿ ಫ್ರೆಡರಿಕ್ ವಿಸ್ಲಿಜೆನಸ್ ಎಂಬ ವೈದ್ಯರು ಸಾಂಟಾ ಫೆ ಹಾದಿಯಲ್ಲಿ ಸಂಗ್ರಹಿಸಿದ ಮಾದರಿಗಳನ್ನು ನೋಡಿ ಜಾರ್ಜ್ ಎಂಗೆಲ್ಮನ್ 1848ರಲ್ಲಿ ಈ ಹೆಸರು ಕೊಟ್ಟರು. 1949ರಿಂದ ಇದು ನ್ಯೂ ಮೆಕ್ಸಿಕೋದ ರಾಜ್ಯವೃಕ್ಷ. ಸಮುದ್ರಮಟ್ಟದಿಂದ ಸುಮಾರು 1,600ರಿಂದ 2,400 ಮೀಟರ್ ಎತ್ತರದ ಒಣ ಗುಡ್ಡಗಳು ಇದರ ನೆಲೆ. ಸಾಮಾನ್ಯವಾಗಿ ಹತ್ತು ಮೀಟರಿನೊಳಗೇ ಬೆಳವಣಿಗೆ ಮುಗಿಯುತ್ತದೆ. ಪಕ್ಕದಲ್ಲಿ ಜೂನಿಪರ್ ಇದ್ದೇ ಇರುತ್ತದೆ. ದೂರದಿಂದ ಎರಡೂ ಒಂದೇ ಬಗೆಯ ಹಸಿರು ಮುದ್ದೆ. ಹತ್ತಿರ ಹೋದರೆ ಜೂನಿಪರಿನದು ನಾರುನಾರಾಗಿ ಸುಲಿಯುವ ತೊಗಟೆ, ಕೊಂಬೆಗೆ ಅಂಟಿಕೊಂಡ ಪುಟ್ಟ ಹುರುಪೆಯಂಥ ಎಲೆ. ಪಿನ್ಯೋನಿನದು ಒರಟಾಗಿ ಬಿರಿದ ತೊಗಟೆ, ಸೂಜಿಯಂಥ ಎಲೆ, ಮುಟ್ಟಿದರೆ ಬೆರಳಿಗೆ ಹತ್ತಿಕೊಳ್ಳುವ ರಾಳ.

ಮೊದಲ ಪಾಠ ಎಣಿಸುವುದು. ಪೈನ್ ಮರಗಳ ಸೂಜಿ ಎಲೆಗಳು ಒಂದೊಂದಾಗಿ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಬುಡದಲ್ಲಿ ಕಟ್ಟುಕಟ್ಟಾಗಿ ಸೇರಿರುತ್ತವೆ. ಒಂದು ಕಟ್ಟನ್ನು ಚಿವುಟಿ ಎಷ್ಟು ಸೂಜಿ ಇದೆ ಎಂದು ನೋಡಿದರೆ ಅರ್ಧ ಗುರುತು ಸಿಕ್ಕಂತೆ. ನಮ್ಮ ಪಿನ್ಯೋನಿಗೆ ಎರಡು. ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದ, ತುಸು ಬಾಗಿದ ಗಟ್ಟಿ ಸೂಜಿಗಳು. ಒಳಮೈಯಲ್ಲಿ ಪತ್ರರಂಧ್ರಗಳ ಬಿಳಿ ಗೆರೆ. ಕಟ್ಟಿನ ಬುಡದ ಸಿಪ್ಪೆ ಹಿಂದಕ್ಕೆ ಸುರುಳಿ ಸುತ್ತಿ ಪುಟ್ಟ ಹೂವಿನಂತೆ ಕೂತಿರುತ್ತದೆ. ಇದೇ ಗುಡ್ಡದಲ್ಲಿ ಇನ್ನಷ್ಟು ಮೇಲೆ ಹತ್ತಿದರೆ ಪಾಂಡರೋಸಾ ಪೈನ್ ಸಿಗುತ್ತದೆ. ಅದಕ್ಕೆ ಬಹುಮಟ್ಟಿಗೆ ಮೂರು ಸೂಜಿ, ಗೇಣುದ್ದ.

ಎಣಿಕೆ ನಿಜಕ್ಕೂ ಸ್ವಾರಸ್ಯವಾಗುವುದು ಪಶ್ಚಿಮಕ್ಕೆ ಹೋದಾಗ. ನೆವಾಡಾದ ಪಿನ್ಯೋನಿನಲ್ಲಿ ಕಟ್ಟಿಗೆ ಒಂದೇ ಸೂಜಿ, ಅದೂ ದುಂಡಗೆ, ಮೊನಚಾಗಿ, ಬೂದು ಬಣ್ಣದಲ್ಲಿ. 1845ರಲ್ಲಿ ಟಾರಿ ಮತ್ತು ಫ್ರೆಮಾಂಟ್ ಅದಕ್ಕೆ ಪೈನಸ್ ಮೊನೊಫಿಲ್ಲಾ ಎಂದು ಹೆಸರಿಟ್ಟರು. ಪ್ರಪಂಚದ ಪೈನ್‌ಗಳಲ್ಲೆಲ್ಲ ಒಂಟಿ ಸೂಜಿಯ ಜಾತಿ ಅದೊಂದೇ. ಮೆಕ್ಸಿಕೋದ ಪಿನ್ಯೋನಿಗೆ ಹೆಚ್ಚಾಗಿ ಮೂರು, ದಕ್ಷಿಣ ಕ್ಯಾಲಿಫೋರ್ನಿಯಾದ ಪ್ಯಾರಿ ಪಿನ್ಯೋನಿಗೆ ಸಾಮಾನ್ಯವಾಗಿ ನಾಲ್ಕು. ಎರಡು ಸೂಜಿಯದೂ ಒಂದು ಸೂಜಿಯದೂ ಸಂಧಿಸುವ ಯೂಟಾದ ಕಡೆ ಒಂದೇ ಮರದಲ್ಲಿ ಎರಡೂ ಬಗೆಯ ಕಟ್ಟು ಸಿಕ್ಕಿ ಎಣಿಸುವವರು ತಲೆ ಕೆರೆದುಕೊಳ್ಳುತ್ತಾರೆ. ಅವು ಮಿಶ್ರ ತಳಿಗಳು. ಸೂಜಿ ಕಡಿಮೆಯಾದಷ್ಟೂ ಬಿಸಿಲು ಗಾಳಿಗೆ ಒಡ್ಡಿಕೊಳ್ಳುವ ಮೈ ಕಡಿಮೆ, ಆರಿಹೋಗುವ ನೀರೂ ಕಡಿಮೆ. ಎಲೆಯ ಬಡತನವೇ ಇಲ್ಲಿ ನೀರಿನ ಉಳಿತಾಯ.

ಎರಡನೆಯ ಪಾಠ ಹೇಳಿಕೊಟ್ಟವರು ನೆರೆಮನೆಯ ಅಜ್ಜಿ. ಸ್ಪ್ಯಾನಿಷ್ ಮನೆಮಾತಿನವರು, ಬಾಲ್ಯದಿಂದ ಪಿನ್ಯೋನ್ ಆಯ್ದವರು. ಒಂದು ಸೆಪ್ಟೆಂಬರಿನಲ್ಲಿ ಗುಡ್ಡದ ಮೇಲೆ ಕೊಂಬೆಯೊಂದನ್ನು ಬಗ್ಗಿಸಿ ತುದಿಯನ್ನು ತೋರಿಸಿ, “ನೋಡು ಮಗಳೇ, ಮುಂದಿನ ವರ್ಷ ಇಲ್ಲಿಗೆ ಬಂದು ಪ್ರಯೋಜನವಿಲ್ಲ” ಎಂದರು. ಮರದ ತುಂಬ ಹಸಿರು ಕಾಯಿ ಇತ್ತು. ಮುಂದಿನ ವರ್ಷದ ಮಾತು ಇವರಿಗೆ ಹೇಗೆ ಗೊತ್ತು?

ಗೊತ್ತಾಗುವುದು ಕಾಯಿಯ ಪಂಚಾಂಗದಿಂದ. ಪಿನ್ಯೋನಿನ ಹೆಣ್ಣು ಶಂಕು ಮೊಗ್ಗಿನೊಳಗೆ ರೂಪುಗೊಳ್ಳುವುದು ಒಂದು ಬೇಸಿಗೆಯ ಕೊನೆಗೆ. ಹೊರಬಂದು ಗಾಳಿಯಲ್ಲಿ ಬಂದ ಪರಾಗ ಹಿಡಿಯುವುದು ಮರುವರ್ಷದ ಬೇಸಿಗೆ ಶುರುವಾಗುವಾಗ. ಆ ಚಳಿಗಾಲವನ್ನು ಬಟಾಣಿ ಗಾತ್ರದಲ್ಲೇ ಕಳೆದು, ಅದರಾಚೆಯ ವರ್ಷ ದಪ್ಪಗಾಗಿ ಸೆಪ್ಟೆಂಬರಿನಲ್ಲಿ ಬಲಿಯುತ್ತದೆ. ಮೊಗ್ಗಿನಿಂದ ಬೀಜದವರೆಗೆ ಸುಮಾರು 26 ತಿಂಗಳು. ಹೀಗಾಗಿ ಸುಗ್ಗಿಯ ಹೊತ್ತಿನಲ್ಲಿ ಒಂದೇ ಕೊಂಬೆಯಲ್ಲಿ ಮೂರು ತಲೆಮಾರು ಕಾಣಬಹುದು: ಹೋದ ವರ್ಷ ಬಿರಿದ ಒಣಕಾಯಿ, ಈ ವರ್ಷ ಬಲಿತ ಹಸಿರುಕಾಯಿ, ಬರುವ ವರ್ಷಕ್ಕೆಂದು ತುದಿಯಲ್ಲಿ ಕೂತ ಮಿಡಿ. ಅಜ್ಜಿ ತೋರಿಸಿದ ತುದಿಗಳಲ್ಲಿ ಮಿಡಿಯೇ ಇರಲಿಲ್ಲ. ಅಲ್ಲಿಂದೀಚೆಗೆ ನಾನೂ ಮಿಡಿ ನೋಡಿಯೇ ಮುಂದಿನ ವರ್ಷದ ಅಂದಾಜು ಹಾಕುತ್ತೇನೆ. ಮಿಡಿ ಇದ್ದರೆ ಬೆಳೆ ಬಂದೇ ತೀರುತ್ತದೆ ಎಂದೇನೂ ಅಲ್ಲ, ನಡುವೆ ಹುಳ ಬೀಳಬಹುದು, ಬರ ಬರಬಹುದು. ಮಿಡಿ ಇಲ್ಲದಿದ್ದರೆ ಮಾತ್ರ ಬೆಳೆ ಇಲ್ಲ.

ಒಳ್ಳೆಯ ಬೆಳೆ ಬರುವುದು ನಾಲ್ಕರಿಂದ ಏಳು ವರ್ಷಕ್ಕೊಮ್ಮೆ. ಬಂದಾಗ ಇಡೀ ಗುಡ್ಡಸಾಲಿನ ಮರಗಳು ಒಟ್ಟಿಗೆ ಕಾಯಿ ಬಿಡುತ್ತವೆ. ಮೊಗ್ಗು ರೂಪುಗೊಳ್ಳುವ ಆ ಬೇಸಿಗೆಯ ಕೊನೆ ತಂಪಾಗಿದ್ದರೆ ಶಂಕುಗಳು ಹೆಚ್ಚುತ್ತವೆ ಎಂಬುದನ್ನು ಸಂಶೋಧಕರು ಗಮನಿಸಿದ್ದಾರೆ. ಬರಡು ವರ್ಷಗಳಲ್ಲಿ ಬೀಜ ತಿನ್ನುವ ಹುಳ, ಇಲಿಗಳ ಸಂಖ್ಯೆ ಇಳಿಯುತ್ತದೆ. ಆಮೇಲೆ ಒಮ್ಮೆಲೇ ಸುರಿದ ಬೀಜವನ್ನೆಲ್ಲ ತಿಂದು ಮುಗಿಸುವುದು ಉಳಿದವುಗಳ ಕೈಲಾಗುವುದಿಲ್ಲ. ವರ್ಷವರ್ಷವೂ ಇಷ್ಟಿಷ್ಟೇ ಕೊಡುವ ಮರವಾಗಿದ್ದರೆ ಒಂದು ಬೀಜವೂ ಮಣ್ಣು ಸೇರುತ್ತಿರಲಿಲ್ಲವೇನೋ.

ಶಂಕು ಚಿಕ್ಕದು, ನಾಲ್ಕೈದು ಸೆಂಟಿಮೀಟರ್. ಅದರ ನಡುವಿನ ಕೆಲವು ದಪ್ಪ ಪದರಗಳಲ್ಲಿ ಮಾತ್ರ ಬೀಜ, ಒಂದು ಪದರಕ್ಕೆ ಹೆಚ್ಚೆಂದರೆ ಎರಡು. ಒಂದು ಶಂಕಿನಲ್ಲಿ ಹತ್ತಿಪ್ಪತ್ತು ಸಿಕ್ಕರೆ ಪುಣ್ಯ. ಸೆಪ್ಟೆಂಬರ್ ಕೊನೆಗೆ ಪದರಗಳು ಬಿರಿದ ಮೇಲೆ ಮರದಡಿ ಕಂಬಳಿ ಹಾಸಿ ಕೂತು ಆಯುವುದು ಇಲ್ಲಿನ ಮನೆಮನೆಯ ಪದ್ಧತಿ. ಕೈಗೆ ಮೆತ್ತಿದ ರಾಳ ಸಾಬೂನಿಗೆ ಜಗ್ಗುವುದಿಲ್ಲ. ಅಡುಗೆ ಎಣ್ಣೆ ಸವರಿ ತಿಕ್ಕಿ, ಆಮೇಲೆ ಸಾಬೂನು ಹಾಕಬೇಕು. ಅದೇ ರಾಳವನ್ನು ಇಲ್ಲಿನ ಮೂಲನಿವಾಸಿಗಳಾದ ನವಾಹೋ ಜನ ಹೆಣೆದ ಬುಟ್ಟಿಗೆ ಬಳಿದು ನೀರು ಸೋರದ ಕೊಡ ಮಾಡಿಕೊಳ್ಳುತ್ತಿದ್ದರು.

ಆಯುವಾಗ ನೋಡಬೇಕಾದದ್ದು ಸಿಪ್ಪೆಯ ಬಣ್ಣ. ಕಡುಕಂದು ಬೀಜ ಗಟ್ಟಿ, ಹೊಂಬಣ್ಣದ ತಿಳಿ ಬೀಜ ಜೊಳ್ಳು. ಗಾತ್ರ ಎರಡಕ್ಕೂ ಒಂದೇ. ಮರದ ಪರಾಗ ಅದೇ ಮರದ ಶಂಕಿಗೆ ಬಿದ್ದರೆ ಹೀಗೆ ಜೊಳ್ಳಾಗುವುದುಂಟು. ಆದ್ದರಿಂದ ಒಂಟಿಯಾಗಿ ದೂರ ನಿಂತ ಮರಕ್ಕಿಂತ ಗುಂಪಿನಲ್ಲಿರುವ ಮರದಡಿ ಕೂರುವುದು ಲಾಭ. ಮನೆಗೆ ತಂದು ನೀರಿಗೆ ಹಾಕಿದರೆ ಉಳಿದ ಜೊಳ್ಳು ತೇಲುತ್ತದೆ. ಗಟ್ಟಿ ಬೀಜವನ್ನು ಉಪ್ಪುನೀರು ಚಿಮುಕಿಸಿ ಬಾಣಲೆಯಲ್ಲಿ ಹದ ಉರಿಯಲ್ಲಿ ಹುರಿದು, ಹಲ್ಲಲ್ಲಿ ಕಚ್ಚಿ ಒಡೆದು ತಿನ್ನುತ್ತೇವೆ. ತಿರುಳಿನಲ್ಲಿ ಶೇ. 60ಕ್ಕೂ ಮಿಕ್ಕಿ ಕೊಬ್ಬು, ಶೇ. 14ರಷ್ಟು ಪ್ರೋಟೀನ್. ನೆವಾಡಾದ ಒಂಟಿ ಸೂಜಿಯದರಲ್ಲಿ ಕೊಬ್ಬು ಕಡಿಮೆ, ಹಿಟ್ಟಿನಂಶ ಹೆಚ್ಚು. ಬೆಂಗಳೂರಿನ ಒಣಹಣ್ಣಿನ ಅಂಗಡಿಗಳಲ್ಲಿ ಕಾಣುವ ದುಬಾರಿ ಚಿಲ್ಗೋಜಾ ಇದರ ದೂರದ ಬಂಧು. ಅದು ಹಿಮಾಚಲದ ಕಿನ್ನೌರ್ ಮತ್ತು ಅದರಿಂದ ಪಶ್ಚಿಮಕ್ಕಿರುವ ಒಣ ಬೆಟ್ಟಗಳ ಮರ, ಕಟ್ಟಿಗೆ ಮೂರು ಸೂಜಿ, ಬೀಜ ನೀಳವಾಗಿರುತ್ತದೆ.

ಬಹುಪಾಲು ಪೈನ್ ಬೀಜಕ್ಕೆ ತೆಳ್ಳನೆಯ ರೆಕ್ಕೆ ಇರುತ್ತದೆ, ಗಾಳಿ ಹೊತ್ತೊಯ್ಯುತ್ತದೆ. ಪಿನ್ಯೋನ್ ಬೀಜಕ್ಕೆ ರೆಕ್ಕೆಯಿಲ್ಲ, ಮೇಲಾಗಿ ತೂಕ. ಬಿದ್ದರೆ ತಾಯಿಮರದ ಬುಡಕ್ಕೇ ಬೀಳಬೇಕು. ಹಾಗಾದರೆ ಇಷ್ಟು ಗುಡ್ಡಗಳನ್ನು ಹತ್ತಿದ್ದು ಹೇಗೆ? ಉತ್ತರ, ಗದ್ದಲವೆಬ್ಬಿಸುತ್ತ ಹಿಂಡುಹಿಂಡಾಗಿ ಬರುವ ಪಿನ್ಯೋನ್ ಜೇ ಎಂಬ ನೀಲಿ ಹಕ್ಕಿ. ಇದರ ಮೂಗಿನ ಹೊಳ್ಳೆಯ ಮೇಲೆ ಬೇರೆ ಜೇಗಳಿಗಿರುವ ಗರಿಯಿಲ್ಲ, ರಾಳ ತುಂಬಿದ ಶಂಕಿನೊಳಗೆ ಕೊಕ್ಕು ತೂರಿಸಿದರೂ ಮೆತ್ತಿಕೊಳ್ಳುವುದಿಲ್ಲ. ತಿಳಿಬಣ್ಣದ ಜೊಳ್ಳನ್ನು ಅದು ನೋಡಿಯೇ ಬಿಡುತ್ತದೆ, ಕಂದು ಬೀಜವನ್ನು ಕೊಕ್ಕಲ್ಲಿ ಹಿಡಿದು ತೂಗಿ, ಕುಟ್ಟಿ ಪರೀಕ್ಷಿಸುತ್ತದೆ. ಗಂಟಲ ತುಂಬ ಬೀಜ ಹೊತ್ತು ಕಿಲೋಮೀಟರುಗಟ್ಟಲೆ ಹಾರಿ ಮಣ್ಣಿನಲ್ಲಿ ಹೂತಿಡುತ್ತದೆ. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಇನ್ನೊಂದು ಹಕ್ಕಿಯ ನಾಲಿಗೆಯಡಿಯ ಚೀಲದಲ್ಲಿ ಒಂದು ಸಲಕ್ಕೆ ಸುಮಾರು 90 ಪಿನ್ಯೋನ್ ಬೀಜ ಹಿಡಿಯುತ್ತವೆ. ಹೂತದ್ದರಲ್ಲಿ ತಿನ್ನದೆ ಬಿಟ್ಟ ಬೀಜ ಮೊಳೆಯುತ್ತದೆ. ರೆಕ್ಕೆಯ ಖರ್ಚನ್ನು ಮರ ಕೊಬ್ಬಿನಲ್ಲಿ ಹೂಡಿ, ಹಕ್ಕಿಯ ರೆಕ್ಕೆಯನ್ನು ಬಾಡಿಗೆಗೆ ಪಡೆದಿದೆ ಎನ್ನಬೇಕು.

ಮೊಳಕೆ ಉಳಿಯುವುದು ಹೆಚ್ಚಾಗಿ ಜೂನಿಪರ್ ಅಥವಾ ಸೇಜ್ ಪೊದೆಯ ನೆರಳಿನಲ್ಲಿ. ಬಯಲಿನ ಬಿಸಿಲಿಗೆ ಬಿದ್ದದ್ದು ಸುಟ್ಟುಹೋಗುತ್ತದೆ. ಮೊದಲ ಕಾಯಿ ಕಾಣಲು 25 ವರ್ಷವಾದರೂ ಬೇಕು, ತುಂಬು ಬೆಳೆಗೆ 75ರಿಂದ 100. ಅದಾದ ಮೇಲೆ ನೂರಾರು ವರ್ಷ ಕೊಡುತ್ತಲೇ ಇರುತ್ತದೆ. ನಮ್ಮ ಗುಡ್ಡದಲ್ಲಿ ತೊಡೆಗಾತ್ರದ ಬುಡ ಕಂಡಾಗ ಅದನ್ನು ಎಳೆಯ ಮರ ಎಂದು ಕರೆಯುವುದನ್ನು ನಾನು ಬಿಟ್ಟಿದ್ದೇನೆ.

ಅರಿಜೋನಾದ ಸನ್‌ಸೆಟ್ ಕ್ರೇಟರ್ ಬಳಿ ಜ್ವಾಲಾಮುಖಿಯ ಕರಿ ಬೂದಿಯ ಮೇಲೆ ನಿಂತ ಪಿನ್ಯೋನ್‌ಗಳನ್ನು ನೋಡಿದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಒಂದೇ ಮರದಲ್ಲಿ ಗಂಡು ಶಂಕು, ಹೆಣ್ಣು ಶಂಕು ಎರಡೂ ಇರುವುದು ಪೈನ್‌ಗಳ ಕ್ರಮ. ಅಲ್ಲಿ ಚಿಗುರು ಕೊರೆಯುವ ಪತಂಗದ ಹುಳಕ್ಕೆ ಸುಲಭವಾಗಿ ತುತ್ತಾಗುವ ಮರಗಳಲ್ಲಿ ಹೆಣ್ಣು ಶಂಕು ಹೊರುವ ತುದಿ ಚಿಗುರುಗಳೇ ನಾಶವಾಗಿ, ಮರ ವರ್ಷಾನುಗಟ್ಟಲೆ ಪರಾಗ ಮಾತ್ರ ಕೊಡುತ್ತದೆ. ಆಕಾರವೂ ಮರದಂತಿರದೆ ಪೊದೆಯಂತಾಗುತ್ತದೆ. ಹುಳ ತೆಗೆದು ನೋಡಿದಾಗ ಹೆಣ್ಣು ಶಂಕು ಮರಳಿ ಬಂದದ್ದನ್ನು ಸಂಶೋಧಕರು 1985ರಲ್ಲಿ ವರದಿ ಮಾಡಿದರು. ಪುಸ್ತಕದಲ್ಲಿ ಬರೆದ ಲಕ್ಷಣ ಜಾತಿಯದು. ಕಣ್ಣೆದುರಿನ ಮರಕ್ಕೆ ಅದರದೇ ಚರಿತ್ರೆಯೂ ಇರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಬದುಕುವ ಮರವೂ ಸೋತ ಕಾಲವಿದೆ. 2002–03ರ ಬರದಲ್ಲಿ, ಸಾಮಾನ್ಯಕ್ಕಿಂತ ಬಿಸಿಯೂ ಸೇರಿದ್ದರಿಂದ, ಉತ್ತರ ನ್ಯೂ ಮೆಕ್ಸಿಕೋದ ಒಂದು ಅಧ್ಯಯನದ ತಾಣದಲ್ಲಿ ಶೇ. 90ಕ್ಕೂ ಹೆಚ್ಚು ಪಿನ್ಯೋನ್ ಸತ್ತವು. ಪಕ್ಕದ ಜೂನಿಪರ್‌ಗಳಲ್ಲಿ ಸತ್ತವು ಅದಕ್ಕಿಂತ ಬಹಳ ಕಡಿಮೆ. ಮಣ್ಣು ಒಣಗುತ್ತಿದ್ದಂತೆ ಪಿನ್ಯೋನ್ ಪತ್ರರಂಧ್ರ ಮುಚ್ಚಿಕೊಂಡು ನೀರು ಉಳಿಸುತ್ತದೆ. ಜೂನಿಪರ್ ತೆರೆದಿಟ್ಟುಕೊಂಡೇ ಸಾಗುತ್ತದೆ. ಬಾಗಿಲು ಮುಚ್ಚಿದ ಮರಕ್ಕೆ ನೀರು ಉಳಿದರೂ ಅನ್ನ ತಯಾರಾಗುವುದಿಲ್ಲ. ಬರ ತಿಂಗಳುಗಟ್ಟಲೆ ಎಳೆದಾಗ ರಾಳ ಸುರಿಸುವ ಶಕ್ತಿಯೂ ಕುಂದಿ ತೊಗಟೆ ಕೊರೆಯುವ ಇಪ್ಸ್ ದುಂಬಿಗೆ ದಾರಿಯಾಯಿತು. ಚಿಕ್ಕ ಬರಕ್ಕೆ ಸರಿಯಾಗಿದ್ದ ಉಪಾಯ ದೊಡ್ಡ ಬರಕ್ಕೆ ಮುಳುವಾಯಿತು. ಬೇಸಿಗೆಗಳು ಬಿಸಿಯಾದ ಕಡೆ ಶಂಕುಗಳೂ ಕಡಿಮೆಯಾಗಿವೆ: ನ್ಯೂ ಮೆಕ್ಸಿಕೋ ಮತ್ತು ಒಕ್ಲಹೋಮಾದ ತಾಣಗಳಲ್ಲಿ ಕೆಲವೇ ದಶಕಗಳ ಅಂತರದಲ್ಲಿ ಶೇ. 40ರಷ್ಟು ಇಳಿದಿದೆ ಎಂದು 2012ರ ಅಧ್ಯಯನ ಹೇಳಿತು. ಪಿನ್ಯೋನ್ ಜೇ ಹಿಂಡುಗಳೂ ಕಳೆದ ಅರ್ಧ ಶತಮಾನದಲ್ಲಿ ಬಹಳ ಕರಗಿವೆ. ಮರಕ್ಕೂ ಹಕ್ಕಿಗೂ ಇರುವ ಒಪ್ಪಂದದಲ್ಲಿ ಯಾರು ಹಿಂದೆ ಬಿದ್ದರೂ ನಷ್ಟ ಇಬ್ಬರಿಗೂ.

ಈ ಕಡೆ ಬರುವ ಕನ್ನಡದವರಿಗೆ ನನ್ನದು ಸಣ್ಣ ಕೋರಿಕೆ. ಕಾಡು ಎಲ್ಲಿದೆ ಎಂದು ಕೇಳುವ ಮೊದಲು ಒಂದು ಕಟ್ಟು ಸೂಜಿ ಎಣಿಸಿ. ಪಿನ್ಯೋನ್ ಆಯುವ ಆಸೆಯಾದರೆ ಅದು ಯಾರ ನೆಲ, ಎಷ್ಟು ಒಯ್ಯಬಹುದು ಎಂದು ಮೊದಲು ವಿಚಾರಿಸಿ. ಪ್ಯೂಬ್ಲೋ ಮತ್ತು ನವಾಹೋ ಜನರ ಭೂಮಿಗೆ ಅವರ ಅನುಮತಿಯಿಲ್ಲದೆ ಕಾಲಿಡಬೇಡಿ. ಬಿದ್ದದ್ದನ್ನು ಮಾತ್ರ ಆಯಿರಿ, ಹಕ್ಕಿಗೂ ಇಲಿಗೂ ಸಾಕಷ್ಟು ಬಿಡಿ. ಕಾಯಿ ಬೇಗ ಉದುರಲಿ ಎಂದು ಕೋಲು ಹಿಡಿದು ಕೊಂಬೆ ಬಡಿಯಲೇಬೇಡಿ. ಬಡಿದರೆ ಮುರಿಯುವುದು ತುದಿಯ ಮಿಡಿ, ಅಂದರೆ ಮುಂದಿನ ವರ್ಷದ ಬೆಳೆ.