ಕಂತಿನ ವ್ಯಾಪಾರವೂ ಶೂನ್ಯ ಬಡ್ಡಿಯೂ

"ನೂರಕ್ಕೆ ಮೂರು" ಎಂದರೆ ಏನೆಂಬುದನ್ನು ಬಸವನಗುಡಿ, ಚಾಮರಾಜಪೇಟೆಗಳ ಸಣ್ಣ ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೂರು ರೂಪಾಯಿ ಅಸಲಿಗೆ ತಿಂಗಳೊಂದಕ್ಕೆ ಮೂರು ರೂಪಾಯಿ ಬಡ್ಡಿ, ವರ್ಷಕ್ಕೆ ಮೂವತ್ತಾರು. ಗಾಂಧಿಬಜಾರಿನಲ್ಲಿ ಹೂವು ಮಾರುವ ನನ್ನ ತಂದೆಯವರು ಇಂಥದೊಂದು ಸಾಲವನ್ನು ಹಿಂದೆ ಮಾಡಿ, ಅದರಿಂದ ಬಿಡಿಸಿಕೊಳ್ಳಲು ಪಟ್ಟ ಪಾಡನ್ನು ನೆನೆದು, ಇನ್ನು ಮುಂದೆ ಆ ದರಕ್ಕೆ ಯಾರ ಮುಂದೆಯೂ ಕೈಚಾಚುವುದಿಲ್ಲವೆಂದು ಪಣ ತೊಟ್ಟವರು. ಅಂಥವರೇ ಕಳೆದ ಆಷಾಢದಲ್ಲಿ ನನಗೊಂದು ಲ್ಯಾಪ್‌ಟಾಪ್ ಕೊಡಿಸಲು ಹೋಗಿ, ನೂರಕ್ಕೆ ಮೂರೂಕಾಲು ರೂಪಾಯಿಯ ಸಾಲಕ್ಕೆ ಒಪ್ಪಿಕೊಂಡು ಬಂದರು. ಅದು ಅವರಿಗೂ ತಿಳಿಯಲಿಲ್ಲ. ಅರ್ಥಶಾಸ್ತ್ರವನ್ನು ಮೂರು ವರ್ಷ ಓದಿದ ನನಗೂ ತಿಳಿಯಲಿಲ್ಲ. ಏಕೆಂದರೆ ಆ ಸಾಲದ ಹೆಸರೇ "ಶೂನ್ಯ ಬಡ್ಡಿ" ಎಂದಿತ್ತು. ಆ ಶೂನ್ಯದೊಳಗೆ ಮೂರೂಕಾಲು ಹೇಗೆ ಅಡಗಿ ಕುಳಿತಿತ್ತೆಂಬುದನ್ನು ಬಿಡಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

ಕಂತಿನ ವ್ಯಾಪಾರವೇನೋ ಹೊಸದಲ್ಲ. ಅಮೆರಿಕದ ಸಿಂಗರ್ ಹೊಲಿಗೆ ಯಂತ್ರದ ಕಂಪನಿಯವರು ೧೮೫೬ರ ಸುಮಾರಿಗೇ ತಮ್ಮ ಯಂತ್ರಗಳನ್ನು ಕಂತಿನ ಮೇಲೆ ಮಾರಲು ತೊಡಗಿದ್ದರು. ನಮ್ಮ ಬೀದಿಗಳಲ್ಲಿಯೂ ಸೀರೆ, ಸ್ಟೀಲಿನ ಪಾತ್ರೆಗಳನ್ನು ಹೊತ್ತು ತಂದು, ವಾರವಾರವೂ ಬಾಗಿಲಿಗೆ ಬಂದು ಹಣ ಎತ್ತುವವರನ್ನು ಎಲ್ಲರೂ ಕಂಡಿದ್ದೇವೆ. ಹಳೆಯ ಬಾಡಿಗೆ-ಖರೀದಿ ಪದ್ಧತಿಯಲ್ಲಿ ಕೊನೆಯ ಕಂತು ತೀರುವವರೆಗೂ ಸರಕು ಕೊಟ್ಟವನದೇ ಆಗಿರುತ್ತಿತ್ತು. ಈ ಪದ್ಧತಿಗಾಗಿ ೧೯೭೨ರಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ವಿನೋದವೆಂದರೆ ಆ ಕಾಯಿದೆ ಒಂದು ದಿನವೂ ಜಾರಿಗೆ ಬರದೆ, ೨೦೦೫ರಲ್ಲಿ ರದ್ದಾಗಿ ಹೋಯಿತು! ಇಂದಿನ ಅಂಗಡಿಗಳಲ್ಲಿ ನಡೆಯುವುದು ಅದಲ್ಲ. ಇಲ್ಲಿ ಅಂಗಡಿಯವನು ಸಾಲ ಕೊಡುವುದೇ ಇಲ್ಲ. ಅಂಗಡಿಯ ಮೂಲೆಯ ಮೇಜಿನ ಹಿಂದೆ ಕುಳಿತ ಹಣಕಾಸು ಸಂಸ್ಥೆಯವನು ಅಂಗಡಿಗೆ ಹಣ ಸಲ್ಲಿಸುತ್ತಾನೆ. ನಾವು ಸಂಸ್ಥೆಗೆ ಋಣಿಗಳಾಗುತ್ತೇವೆ. ವ್ಯಾಪಾರ ಒಬ್ಬನೊಡನೆ, ಸಾಲ ಮತ್ತೊಬ್ಬನೊಡನೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ಫಲ ಮುಂದೆ ಬರುತ್ತದೆ.

ಗಣಕಯಂತ್ರ ಬೇಕೇ ಬೇಕಿತ್ತೇ ಎಂದು ಕೇಳುವವರು ನಮ್ಮ ಅಧ್ಯಾಪಕವರ್ಗದಲ್ಲಿಯೂ ಇದ್ದಾರೆ. ವಿದ್ಯಾರ್ಥಿವೇತನದ ಅರ್ಜಿಯಿಂದ ಹಿಡಿದು ಕಿರುಸಂಶೋಧನಾ ಪ್ರಬಂಧದವರೆಗೆ ಎಲ್ಲವೂ ಅದರ ಮೇಲೆಯೇ ನಡೆಯುವ ಕಾಲ ಇದು. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ೨೦೨೧ರಲ್ಲಿ ಸರ್ಕಾರವು ಟ್ಯಾಬ್ಲೆಟ್‌ಗಳನ್ನು ಹಂಚಿತು. ಆಗ ನಾವು ಇನ್ನೂ ಪ್ರೌಢಶಾಲೆಯಲ್ಲಿದ್ದೆವು. ಟೈಪು ಮಾಡಿಸುವ ಅಂಗಡಿಗೆ ಪುಟಕ್ಕಿಷ್ಟೆಂದು ತೆತ್ತು ಸಾಕಾದವರಿಗೆ ಈ ಪ್ರಶ್ನೆ ಏಳುವುದಿಲ್ಲ.

ಈಗ ವ್ಯಾಪಾರಕ್ಕೆ ಬರೋಣ. ಎಸ್. ಪಿ. ರಸ್ತೆಯ ಸಂದಿಗಳಲ್ಲಿ ಎರಡು ಶನಿವಾರ ಅಲೆದು, ಕೊನೆಗೆ ಒಂದು ದೊಡ್ಡ ಅಂಗಡಿಯನ್ನು ಹೊಕ್ಕೆವು. ಅಂಗಡಿಯ ಹೆಸರು ಇಲ್ಲಿ ಬೇಡ. ನಾವು ಆರಿಸಿದ ಯಂತ್ರದ ಬೆಲೆಯ ಚೀಟಿ ೪೨,೦೦೦ ರೂ. ಪೂರ್ತಿ ಹಣವನ್ನು ಒಂದೇ ಸಲಕ್ಕೆ ಕೊಟ್ಟರೆ ೩೯,೫೦೦ ರೂ.ಗೆ ಕೊಡುವುದಾಗಿ ಮಾರುವವನು ಹೇಳಿದ. ಕಂತಾದರೆ ೩,೫೦೦ ರೂ.ನಂತೆ ೧೨ ಕಂತು, "ಬಡ್ಡಿ ಸೊನ್ನೆ, ಸಾರ್." ಆದರೆ ಯೋಜನೆಯ ಹೆಸರು "ಹನ್ನೆರಡಕ್ಕೆ ನಾಲ್ಕು". ಹಾಗೆಂದರೆ ಹನ್ನೆರಡು ಕಂತುಗಳಲ್ಲಿ ನಾಲ್ಕನ್ನು ಆ ದಿನವೇ ಮುಂಗಡವಾಗಿ ಎಣಿಸಬೇಕು. ಇದರ ಮೇಲೆ ಕಾಗದಪತ್ರದ ಶುಲ್ಕ ೯೯೯ ರೂ.; ಅದಕ್ಕೆ ಶೇಕಡ ೧೮ರ ಜಿ.ಎಸ್.ಟಿ. ಸೇರಿ ೧,೧೭೯ ರೂ. ನಮ್ಮನ್ನು ಕೇಳದೆಯೇ ಒಂದು "ರಕ್ಷಣಾ ಯೋಜನೆ"ಯೂ ಪಟ್ಟಿಯೊಳಗೆ ನುಸುಳಿತ್ತು. ಅದನ್ನು ತೆಗೆಸಲು ಅರ್ಧ ಗಂಟೆ ವಾದಿಸಬೇಕಾಯಿತು.

ಸಾಲ ನನ್ನ ಹೆಸರಿಗೆ ದೊರೆಯುವಂತಿರಲಿಲ್ಲ. ಹದಿನೆಂಟು ತುಂಬಿದವನು ಕರಾರಿಗೆ ಅರ್ಹನೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಇಪ್ಪತ್ತೊಂದು ತುಂಬಿರಬೇಕೆಂದು ಆ ಸಂಸ್ಥೆಯ ನಿಯಮ ಹೇಳುತ್ತಿತ್ತು. ತಂದೆಯವರಾದರೋ ಬೀದಿ ವ್ಯಾಪಾರಿಗಳಿಗೆಂದು ೨೦೨೦ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ಹತ್ತು ಸಾವಿರ ರೂಪಾಯಿ ಪಡೆದು ತಪ್ಪದೆ ತೀರಿಸಿದ್ದರು. ಅದರಿಂದಲೇ ಸಾಲಗಾರರ ಚರಿತ್ರೆಯನ್ನು ಬರೆದಿಡುವ ಸಂಸ್ಥೆಗಳ ಪುಸ್ತಕದಲ್ಲಿ ಅವರ ಹೆಸರಿತ್ತು. ದೂರವಾಣಿಗೆ ಬಂದ ಆರು ಅಂಕಿಗಳನ್ನು ಅವರು ಗಟ್ಟಿಯಾಗಿ ಓದಿ ಹೇಳಿದರು. ಸಹಿಯೆಂದರೆ ಅಷ್ಟೇ.

ಮನೆಗೆ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಲೆಕ್ಕ ಹಾಕಿದೆ.

ರೊಕ್ಕಕ್ಕೆ ಕೊಳ್ಳುವವನಿಗೆ ಯಂತ್ರದ ಬೆಲೆ ೩೯,೫೦೦ ರೂ. ಅದೇ ಅದರ ನಿಜವಾದ ಬೆಲೆ; ೪೨,೦೦೦ ಎಂಬುದು ಚೀಟಿಯ ಬೆಲೆ ಮಾತ್ರ. ಮೊದಲ ದಿನವೇ ನಾವು ಕೊಟ್ಟದ್ದು ನಾಲ್ಕು ಕಂತುಗಳ ೧೪,೦೦೦ವೂ ಶುಲ್ಕದ ೧,೧೭೯ವೂ ಸೇರಿ ೧೫,೧೭೯ ರೂ. ಹಾಗಾದರೆ ನಮಗೆ ದೊರೆತ ಸಾಲವೆಷ್ಟು? ೩೯,೫೦೦ರಲ್ಲಿ ೧೫,೧೭೯ ಕಳೆದರೆ ಉಳಿಯುವ ೨೪,೩೨೧ ರೂ. ಮಾತ್ರ. ಇದಕ್ಕೆ ಪ್ರತಿಯಾಗಿ ನಾವು ತೀರಿಸಬೇಕಾದದ್ದು ಎಂಟು ಕಂತು, ಎಂದರೆ ೨೮,೦೦೦ ರೂ. ಅಂತರ ೩,೬೭೯ ರೂ. ಇದನ್ನು ಯಾವ ಹೆಸರಿನಿಂದ ಕರೆದರೂ ಅರ್ಥಶಾಸ್ತ್ರದಲ್ಲಿ ಇದು ಬಡ್ಡಿಯೇ.

ಇನ್ನು ದರ. ಮೇಜಿನ ಹಿಂದಿದ್ದ ಹುಡುಗನಿಗೆ ಮತ್ತೊಂದು ದಿನ ಈ ಅಂತರವನ್ನು ತೋರಿಸಿದಾಗ, ಅವನು ೩,೬೭೯ನ್ನು ೪೨,೦೦೦ದಿಂದ ಭಾಗಿಸಿ, "ಒಂಬತ್ತು ಪರ್ಸೆಂಟೂ ಇಲ್ಲವಲ್ಲ!" ಎಂದ. ಅವನೂ ನಮ್ಮಂತೆಯೇ ಬಿ.ಎ. ಓದಿದವನು, ಮೋಸ ಮಾಡುವ ಇರಾದೆ ಅವನಿಗಿತ್ತೆಂದು ನಾನು ಭಾವಿಸುವುದಿಲ್ಲ. ಆದರೆ ಈ ಭಾಗಾಕಾರದಲ್ಲಿ ದೋಷಗಳಿವೆ. ನಾವೇ ಕೈಯಿಂದ ಕೊಟ್ಟ ಹಣವನ್ನೂ ಸಾಲವೆಂದು ಎಣಿಸಿರುವುದು ಒಂದು ದೋಷ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ೨೪,೩೨೧ ರೂ. ಎಂಟು ತಿಂಗಳೂ ನಮ್ಮ ಬಳಿ ಇರಲಿಲ್ಲ. ಮೊದಲ ತಿಂಗಳು ಅಸಲಿನ ಎಂಟರಲ್ಲಿ ಎಂಟು ಪಾಲು, ಮರುತಿಂಗಳು ಏಳು ಪಾಲು, ಹೀಗೆ ಇಳಿಯುತ್ತ ಕೊನೆಯ ತಿಂಗಳು ಒಂದೇ ಪಾಲು ಉಳಿದಿತ್ತು. ಎಂಟರಿಂದ ಒಂದರವರೆಗೆ ಕೂಡಿದರೆ ೩೬. ಎಂಟರಿಂದ ಭಾಗಿಸಿದರೆ ನಾಲ್ಕೂವರೆ. ಸರಾಸರಿ ನಮ್ಮಲ್ಲಿದ್ದದ್ದು ಎಂಟರಲ್ಲಿ ನಾಲ್ಕೂವರೆ ಪಾಲು, ಅಂದರೆ ೧೩,೬೮೧ ರೂ. ತಿಂಗಳೊಂದಕ್ಕೆ ತೆತ್ತ ಬಡ್ಡಿ ೩,೬೭೯ರ ಎಂಟನೆಯ ಒಂದು ಭಾಗ, ಸುಮಾರು ೪೬೦ ರೂ. ಭಾಗಿಸಿ ನೋಡಿದರೆ ನೂರಕ್ಕೆ ಮೂರು ರೂಪಾಯಿ ಮೂವತ್ತಾರು ಪೈಸೆ! ಇದು ಕೈಲೆಕ್ಕ. ಪ್ರತಿ ಕಂತಿನಲ್ಲಿ ಬಡ್ಡಿಯನ್ನು ಮೊದಲು ಮುರಿದುಕೊಂಡು ಉಳಿದುದನ್ನು ಅಸಲಿಗೆ ಜಮೆ ಮಾಡುವ ಕರಾರುವಾಕ್ಕಾದ ವಿಧಾನದಲ್ಲಿ ೩.೨೪ ಬರುತ್ತದೆ, ವರ್ಷಕ್ಕೆ ಶೇಕಡ ೩೯ರ ಹತ್ತಿರ. ವರ್ಷಕ್ಕೆ ಶೇಕಡ ೧೨ರಂತೆ ಅಷ್ಟೇ ಹಣವನ್ನು ಅಷ್ಟೇ ಅವಧಿಗೆ ಬೇರೆಡೆ ಪಡೆದಿದ್ದರೆ ಬಡ್ಡಿ ೧,೧೦೭ ರೂ. ಆಗುತ್ತಿತ್ತು.

ತಂದೆಯವರ ಮುಂದೆ ಈ ಕಾಗದವನ್ನು ಹಿಡಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನೂರಕ್ಕೆ ಮೂರು ಅಂತ ಅವನು ಬಾಯಿಬಿಟ್ಟು ಹೇಳಿದ್ದರೆ ಎದ್ದು ಬರುತ್ತಿದ್ದೆ" ಎಂದರು.

ಈ ಏರ್ಪಾಡಿನ ಒಳಗುಟ್ಟು ಹೀಗಿದೆ. ಹಣಕಾಸು ಸಂಸ್ಥೆ ಅಂಗಡಿಗೆ ಸಾಮಾನ್ಯವಾಗಿ ಪೂರ್ತಿ ಹಣವನ್ನು ಸಲ್ಲಿಸುವುದಿಲ್ಲ. ತನ್ನ ಬಡ್ಡಿಯನ್ನು ಮುಂಚೆಯೇ ಮುರಿದುಕೊಂಡು ಉಳಿದುದನ್ನು ಕೊಡುತ್ತದೆ. ಆ ನಷ್ಟವನ್ನು ಕೆಲವು ಸಲ ಯಂತ್ರದ ತಯಾರಕರು ಹೊರುತ್ತಾರೆ, ಕೆಲವು ಸಲ ಅಂಗಡಿಯವನು ಹೊರುತ್ತಾನೆ. ಅಂಗಡಿಯವನು ಹೊರಬೇಕಾದಾಗ ರೊಕ್ಕದ ಗಿರಾಕಿಗೆ ಕೊಡುವ ಸೋಡಿಯನ್ನು ಕಂತಿನ ಗಿರಾಕಿಗೆ ಕೊಡದೆ ಸರಿದೂಗಿಸಿಕೊಳ್ಳುತ್ತಾನೆ. ನ್ಯಾಯವಾಗಿ ಒಂದು ಮಾತು ಹೇಳಬೇಕು: ರೊಕ್ಕದ ಬೆಲೆಯೂ ಕಂತುಗಳ ಮೊತ್ತವೂ ಒಂದೇ ಆಗಿದ್ದು, ಶುಲ್ಕವೂ ಇಲ್ಲದಿದ್ದರೆ, ಆ ಸಾಲ ಕೊಳ್ಳುವವನ ಪಾಲಿಗೆ ನಿಜಕ್ಕೂ ಶೂನ್ಯ ಬಡ್ಡಿಯದೇ. ಅಂಥ ಯೋಜನೆಗಳೂ ಇರುತ್ತವೆ. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಮಾತ್ರ ಬಡ್ಡಿಯಷ್ಟನ್ನು ಸೋಡಿಯಾಗಿ ಹಿಂದಿರುಗಿಸಿದರೂ, ಆ ಬಡ್ಡಿಯ ಮೇಲಿನ ಶೇಕಡ ೧೮ರ ತೆರಿಗೆ ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ರಿಸರ್ವ್ ಬ್ಯಾಂಕು ಇದನ್ನು ಕಾಣದೆ ಇಲ್ಲ. ೨೦೧೩ರ ಸೆಪ್ಟೆಂಬರ್ ೧೭ರಂದು ಬ್ಯಾಂಕುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿಯೆಂಬ ಕಲ್ಪನೆಗೆ ಅಸ್ತಿತ್ವವೇ ಇಲ್ಲವೆಂದೂ, ಬಡ್ಡಿಯನ್ನು ಶುಲ್ಕದ ವೇಷದಲ್ಲಿ ವಸೂಲು ಮಾಡಲಾಗುತ್ತಿದೆಯೆಂದೂ ಅದು ಸ್ಪಷ್ಟವಾಗಿ ಹೇಳಿತು. ಮುಂದೆ ೨೦೨೪ರ ಏಪ್ರಿಲ್ ೧೫ರ ಸುತ್ತೋಲೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ ೧ರಿಂದ, ಇಂಥ ಸಾಲ ಕೊಡುವವರೆಲ್ಲ ಸಾಲಗಾರನಿಗೆ ಮುಖ್ಯಾಂಶಗಳ ಒಂದು ಪತ್ರವನ್ನು ಕೊಡತಕ್ಕದ್ದು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಪತ್ರದಲ್ಲಿಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡಕೂಡದು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದೂ ನಿಯಮವೇ. ನಮ್ಮ ತಂದೆಯವರ ದೂರವಾಣಿಗೆ ಬಂದ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಬೇಕೆಂದು ಕೇಳಿದಾಗ ಮೇಜಿನವನು ನಕ್ಕ. ಅಂಥ ಬೇಡಿಕೆಯನ್ನು ಅವನು ಅದುವರೆಗೆ ಕೇಳಿರಲಿಲ್ಲವಂತೆ. ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡ ಅಲ್ಲಿಂದ ಎರಡು ಮೈಲಿ ದೂರದಲ್ಲಿದೆಯಷ್ಟೆ.

ಭಾಷೆಗಿಂತಲೂ ದೊಡ್ಡ ಕೊರತೆ ಒಂದಿದೆ. ೨೮,೦೦೦ ರೂ. ಸಾಲ, ಎಂಟು ಕಂತು, ೧,೧೭೯ ರೂ. ಶುಲ್ಕ ಇಷ್ಟನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ ವಾರ್ಷಿಕ ದರ ೧೧.೬ ಮಾತ್ರ ಬರುತ್ತದೆ. ಏಕೆ? ನಾವು ಕಳೆದುಕೊಂಡ ೨,೫೦೦ ರೂ. ಸೋಡಿ ಸಾಲದ ಪತ್ರದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅದು ಅಂಗಡಿಯವನ ಬಾಯಲ್ಲಿ ಬಂದು, ಗಾಳಿಯಲ್ಲಿ ಹೋದ ಮಾತು. ಆದಕಾರಣ ಪತ್ರ ಸತ್ಯವನ್ನೇ ಹೇಳಿದರೂ ೩೯ ಎಂಬುದು ೧೧.೬ ಆಗಿ ಕಾಣುತ್ತದೆ. ರೊಕ್ಕದ ಬೆಲೆಯನ್ನು ಮೊದಲು ಕೇಳಿ, ಬರೆದುಕೊಂಡು, ಆಮೇಲೆ ಕಂತಿನ ಮಾತೆತ್ತುವುದೊಂದೇ ಇದಕ್ಕೆ ನನಗೆ ಕಂಡ ಉಪಾಯ. ಕಂತಿನವನೆಂದು ಮೊದಲೇ ತಿಳಿದರೆ ರೊಕ್ಕದ ಬೆಲೆ ಹೊರಗೆ ಬರುವುದೇ ಇಲ್ಲ.

ಇಲ್ಲಿ ಕಾನೂನಿನ ಒಂದು ವೈಚಿತ್ರ್ಯವನ್ನೂ ಹೇಳಬೇಕು. ಚಿಕ್ಕಪೇಟೆಯ ಗಿರವಿ ಅಂಗಡಿಯವನೂ ಲೇವಾದೇವಿಗಾರನೂ ೧೯೬೧ರ ರಾಜ್ಯದ ಕಾಯಿದೆಗಳಿಗೆ ಒಳಪಟ್ಟವರು. ಅವರು ವಿಧಿಸಬಹುದಾದ ಬಡ್ಡಿಗೆ ಸರ್ಕಾರ ಮಿತಿ ಗೊತ್ತುಮಾಡುತ್ತದೆ. ಮಿತಿಮೀರಿದ ಬಡ್ಡಿಯನ್ನು ತಡೆಯಲು ೨೦೦೪ರಲ್ಲಿ ಕರ್ನಾಟಕದಲ್ಲಿ ಮತ್ತೊಂದು ಕಾಯಿದೆಯೂ ಬಂದಿದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಹಣಕಾಸು ಸಂಸ್ಥೆಗಳಿಗೆ ರಾಜ್ಯಗಳ ಲೇವಾದೇವಿ ಕಾಯಿದೆಗಳು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೨೨ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆದ್ದರಿಂದ ನೂರಕ್ಕೆ ಮೂರು ಕೇಳುವ ಬೀದಿಯ ಸಾಹುಕಾರ ಅಪರಾಧಿಯಾಗಬಲ್ಲ. ಗಾಜಿನ ಬಾಗಿಲಿನೊಳಗಿನ ಮೂರೂಕಾಲಿಗೆ ಆ ಭಯವಿಲ್ಲ.

"ಸಹಕಾರ ಸಂಘಗಳಿಲ್ಲವೇ?" ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ಇವೆ. ಗದಗಿನ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು; ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ಸಹಕಾರ ಸಂಘಗಳ ಕಾನೂನು ಬಂದಿತು. ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಇಂದಿಗೂ ಸಹಕಾರಿ ಬ್ಯಾಂಕುಗಳಿವೆ. ಆದರೆ ಸಾಲ ಬೇಕಾದರೆ ಸದಸ್ಯನಾಗಬೇಕು, ಜಾಮೀನುದಾರರು ಬೇಕು, ಸಮಿತಿ ಸೇರಬೇಕು. ಅಂಗಡಿಯ ಮೇಜಿನ ಬಳಿ ಇಪ್ಪತ್ತು ನಿಮಿಷ ಸಾಕು. ಮತ್ತೊಂದು ಮಾತು: ೨೦೨೦ರ ಜನವರಿಯಲ್ಲಿ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು ೩೫,೦೦೦ ರೂ.ಗಿಂತ ಹೆಚ್ಚು ತೆಗೆಯಕೂಡದೆಂದು ಆಜ್ಞೆ ಮಾಡಿತು. ಆಗ ಬ್ಯಾಂಕಿನ ಮುಂದೆ ನೆರೆದ ವೃದ್ಧರ ಸಾಲನ್ನು ಕಂಡವರಿಗೆ ಸಹಕಾರವೆಂಬ ಶಬ್ದ ಮೊದಲಿನಂತೆ ಕೇಳಿಸುವುದಿಲ್ಲ.

ಮೊದಲು ಹೇಳಿದ ಭೇದದ ಫಲ ನಮಗೆ ಹದಿನಾರನೆಯ ದಿನವೇ ಸಿಕ್ಕಿತು. ಯಂತ್ರದ ಪರದೆ ಕಪ್ಪಾಯಿತು. ಅಂಗಡಿಯವನು ದುರಸ್ತಿ ಕೇಂದ್ರವನ್ನು ತೋರಿಸಿದ. ಕೇಂದ್ರದವರು ಬಿಡಿಭಾಗ ಬರಬೇಕೆಂದರು. ಸಂಸ್ಥೆಯವರು "ನಾವು ಸಾಲ ಕೊಟ್ಟವರು, ಯಂತ್ರ ಕೊಟ್ಟವರಲ್ಲ" ಎಂದರು. ಈ ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಯಂತ್ರ ಕೇಂದ್ರದಲ್ಲಿಯೇ ಬಿದ್ದಿದ್ದ ಐದು ವಾರಗಳ ನಡುವೆ ಮೊದಲನೆಯ ಕಂತು ತಂದೆಯವರ ಖಾತೆಯಿಂದ ತಾನಾಗಿಯೇ ಇಳಿದುಹೋಯಿತು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ಸರಕಿನ ದೂರಿಗೆ ಶುಲ್ಕವಿಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ.

ಕಾಯಬಹುದಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಕೈಯಲ್ಲಿದ್ದ ೧೫,೧೭೯ಕ್ಕೆ ತಿಂಗಳಿಗೆ ೩,೫೦೦ ಕೂಡಿಸುತ್ತ ಹೋಗಿದ್ದರೆ ಏಳನೆಯ ತಿಂಗಳಿಗೆ ರೊಕ್ಕದ ಬೆಲೆ ತುಂಬುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಐದನೆಯ ಸೆಮಿಸ್ಟರು ಮುಗಿದು ಹೋಗಿರುತ್ತಿತ್ತು. ಕಾಯುವುದಕ್ಕೂ ಒಂದು ಬೆಲೆಯುಂಟು. ನಾವು ಅದನ್ನು ತೆರಲು ಒಪ್ಪಲಿಲ್ಲ. ದರ ತಿಳಿದಿದ್ದರೂ ನಾನು ಪ್ರಾಯಶಃ ಕೊಳ್ಳುತ್ತಿದ್ದೆನೋ ಏನೋ. ತಂದೆಯವರು ಖಂಡಿತ ಬೇರೆ ಕಡೆ ವಿಚಾರಿಸುತ್ತಿದ್ದರು.

ಎಂಟನೆಯ ಕಂತು ಮಾರ್ಚ್ ತಿಂಗಳಲ್ಲಿ ತೀರಿತು. ಸಾಲ ತೀರಿದ ಪತ್ರವೂ ಕೈಸೇರಿತು. ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲಚರಿತ್ರೆಯ ವರದಿಯನ್ನು ತರಿಸಿ ನೋಡಿದರೆ, ಅದರಲ್ಲಿ ತಂದೆಯವರ ಸಾಲ ಇನ್ನೂ ಬಾಕಿಯೆಂದೇ ಇದೆ. ಇಂಥ ದೂರನ್ನು ೩೦ ದಿನಗಳೊಳಗೆ ಸರಿಪಡಿಸದಿದ್ದರೆ ಅನಂತರದ ಪ್ರತಿ ದಿನಕ್ಕೂ ೧೦೦ ರೂ.ನಂತೆ ದೂರುದಾರನಿಗೆ ಕೊಡಬೇಕೆಂಬ ನಿಯಮ ೨೦೨೪ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟಿದ್ದೇವೆ. ತಂದೆಯವರು ಹೂವಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಾರೆ. ಇಂದಿಗೆ ಹತ್ತೊಂಬತ್ತು ಗೀಟುಗಳಾಗಿವೆ.